ಹೊರದೇಶದ ಶಾಲೆಗಳಿಗೆ ಅರ್ಜಿ: ಮಾರ್ಗದರ್ಶನಕ್ಕೆ ದುಡ್ಡು ಕೊಡಬೇಕೇ? ಕೊಟ್ಟರೆ ಯಾವುದಕ್ಕೆ?

ಕಪ್ಪುಹಲಗೆ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರದ ಶಿಕ್ಷಕಿ. ಎಂ.ಎಸ್‌ಸಿ., ಬಿ.ಇಡಿ. ಆಗಿದೆ. ಐಸಿಎಸ್‌ಇ ಶಾಲೆಯೊಂದರಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಪಾಠ ಮಾಡುತ್ತಾ ಹತ್ತು ವರ್ಷದ ಮೇಲಾಯಿತು. ಕೆಲವು ವರ್ಷ ಹೊರದೇಶದಲ್ಲಿ ಕಲಿಸಿ ಬರಬೇಕೆಂಬುದು ಹಳೆಯ ಆಸೆ. ಮಗಳು ಈಗ ಐದನೆಯ ತರಗತಿ. ಈಗ ಹೊರಡದಿದ್ದರೆ ಮುಂದೆ ಅವಳ ಓದೇ ಕಾಲಿಗೆ ತೊಡರುತ್ತದೆ.

ಮೊನ್ನೆ ಮನೆಯವರೊಂದಿಗೆ ಒಂದು ಸಲಹಾ ಸಂಸ್ಥೆಗೆ ಹೋಗಿದ್ದೆ. ‘ಸಂಪೂರ್ಣ ಮಾರ್ಗದರ್ಶನ’ ಎಂದು 1.8 ಲಕ್ಷ ರೂಪಾಯಿ ಹೇಳಿದರು. ಬಯೋಡಾಟ ಬರೆಯುವುದು, ಅರ್ಜಿ ಹಾಕುವುದು, ಸಂದರ್ಶನಕ್ಕೆ ತಯಾರಿ, ದಾಖಲೆ ದೃಢೀಕರಣ, ವೀಸಾ ಎಲ್ಲವೂ ಅವರದೇ ಅಂತೆ. ನಾನು ಸಹಿ ಹಾಕಿದರೆ ಸಾಕಂತೆ. ಕೆಲಸ ಸಿಕ್ಕ ಮೇಲೆ ಮೊದಲ ತಿಂಗಳ ಸಂಬಳದ ಅರ್ಧ ಬೇರೆ. ಯಾವ ದೇಶ ಎಂದು ಕೇಳಿದರೆ ‘ಅದನ್ನು ಆಮೇಲೆ ನೋಡೋಣ’ ಎಂದರು. ಅಲ್ಲಿಗೆ ನನಗೆ ಅನುಮಾನ ಹುಟ್ಟಿತು. ಆದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಉತ್ತರ ಪತ್ರಿಕೆಗಳ ಕಟ್ಟಿನೊಂದಿಗೆ ಬರುವ ನನಗೆ ಇದನ್ನೆಲ್ಲ ಒಬ್ಬಳೇ ಮಾಡುವ ಶಕ್ತಿ ಇದೆಯೇ ಎಂಬ ಅನುಮಾನವೂ ಇದೆ. ಹೋಗಿ ಬಂದವರು, ಅಲ್ಲಿಯೇ ಇರುವವರು ದಯವಿಟ್ಟು ಹೇಳಿ.

ಮೂರನೇ ಬೆಂಚು, ವಿಜಯನಗರ

ಮೇಡಂ, ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಹಾಗಾದರೆ ನಿಶ್ಚಿಂತೆಯಿಂದ ಓದಿ.

ಭಾರತದಿಂದ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸಿಕೊಡುವವರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಹಾಗೆ ನೋಂದಾಯಿಸಿದವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. 1.8 ಲಕ್ಷ ಎಲ್ಲಿಂದ ಬಂತು? ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಯಾರು ಬೇಕಾದರೂ ಹುಡುಕಬಹುದು. ಬ್ರಿಟನ್ನಿನಲ್ಲಂತೂ ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಶುಲ್ಕ ಪಡೆಯುವುದನ್ನು 1973ರ ಉದ್ಯೋಗ ಏಜೆನ್ಸಿ ಕಾಯ್ದೆಯೇ ನಿಷೇಧಿಸಿದೆ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನಿನ ಪ್ರಕಾರವೂ ನೇಮಕಾತಿಯ ಖರ್ಚು ಮಾಲೀಕರದು. ಅಂದರೆ ನೀವು ಹೋಗಬಹುದಾದ ಎರಡು ದೇಶಗಳಲ್ಲೂ ಕೆಲಸವನ್ನು ದುಡ್ಡಿಗೆ ಮಾರುವ ಹಾಗಿಲ್ಲ.

ಸಲಹೆಗಾರ, ರಾಜಾಜಿನಗರ

ನಾನು ಇದೇ ವೃತ್ತಿಯವನು, ಮುಚ್ಚಿಡುವುದಿಲ್ಲ. ಮೂರನೇ ಬೆಂಚಿನವರು ಹೇಳಿದ್ದು ನೇಮಕಾತಿಗೆ ಸರಿ. ಆದರೆ ತರಬೇತಿ ಬೇರೆ, ನೇಮಕಾತಿ ಬೇರೆ. ಇಂಗ್ಲಿಷ್ ಪರೀಕ್ಷೆಗೆ ಪಾಠ ಹೇಳಿಸಿಕೊಂಡರೆ ದುಡ್ಡು ಕೊಡುವುದಿಲ್ಲವೇ? ಅರ್ಜಿ ಬರೆಯುವುದನ್ನು ಕಲಿಸುವುದಕ್ಕೂ ದುಡ್ಡು ಪಡೆಯಬಹುದು, ಅದರಲ್ಲಿ ತಪ್ಪಿಲ್ಲ. ನನ್ನ ಬಳಿ ಬರುವವರಲ್ಲಿ ಕೋಲಾರ, ತುಮಕೂರಿನ ಕಡೆಯ ಶಾಲೆಗಳಲ್ಲಿ ಚೆನ್ನಾಗಿ ಪಾಠ ಮಾಡಿ, ಒಂದು ಪತ್ರ ಹೇಗೆ ಬರೆಯಬೇಕೆಂದು ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರು ಬಹಳ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯಲ್ಲಿರುವವರಿಗೆ ಸಿಬ್ಬಂದಿ ಕೊಠಡಿಯಲ್ಲೇ ನಾಲ್ಕು ಜನ ಸಿಗುತ್ತಾರೆ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಮೂರನೇ ಬೆಂಚು, ವಿಜಯನಗರ

ಒಪ್ಪಿದೆ ಸರ್. ಹಾಗಾದರೆ ರಸೀದಿಯಲ್ಲಿ ‘ತರಬೇತಿ’ ಎಂದು ಬರೆದು, ಎಷ್ಟು ತರಗತಿ, ಯಾರು ಕಲಿಸುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂದು ಸೇರಿಸಿ ಕೊಡಿ. ಮೊದಲ ಸಂಬಳದ ಅರ್ಧ ಯಾವ ತರಬೇತಿಗೆ ಎಂಬುದನ್ನೂ ಅವರೇ ಹೇಳಲಿ.

ಸಲಹೆಗಾರ, ರಾಜಾಜಿನಗರ

ಸಂಬಳದಲ್ಲಿ ಪಾಲು ಕೇಳುವುದನ್ನು ನಾನು ಸಮರ್ಥಿಸುವುದಿಲ್ಲ. ಮೇಡಂ, ದೇಶ ಯಾವುದೆಂದು ತಿಳಿಯದೆ ಹಣದ ಲೆಕ್ಕ ಹೇಳಿದವರ ಬಳಿ ಮತ್ತೆ ಹೋಗಬೇಡಿ. ನಿಮ್ಮ ಅರ್ಹತೆಗೆ ಯಾವ ದೇಶ ಹೊಂದುತ್ತದೆ ಎಂದು ನೋಡುವುದೇ ಮಾರ್ಗದರ್ಶನದ ಮೊದಲ ಕೆಲಸ.

ಸಂದರ್ಶನ ಸಮಿತಿ, ಸರ್ಜಾಪುರ ರಸ್ತೆ

ನಾನು ಇಲ್ಲಿನ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ವಿಭಾಗದ ಮುಖ್ಯಸ್ಥೆ. ಅರ್ಜಿಗಳನ್ನು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಇದಕ್ಕೆ ಮೊದಲು ಹೊರದೇಶದಲ್ಲೂ ಇದೇ ಕೆಲಸ ಮಾಡಿದ್ದೇನೆ. ಮೇಜಿನ ಆ ಬದಿಯಿಂದ ಏನು ಕಾಣುತ್ತದೆ ಎಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

‘ನೀವು ಸಹಿ ಹಾಕಿದರೆ ಸಾಕು’ ಎಂಬ ಮಾತಿನಲ್ಲೇ ಅಪಾಯವಿದೆ. ಬೇರೆಯವರು ಬರೆದುಕೊಟ್ಟ ಪತ್ರ ಎರಡನೆಯ ವಾಕ್ಯಕ್ಕೇ ಗೊತ್ತಾಗುತ್ತದೆ. ಬೇರೆ ಬೇರೆ ಹೆಸರಿನ ಅರ್ಜಿಗಳಲ್ಲಿ ಅಕ್ಷರ ಬದಲಾಗದ ಅದೇ ಪ್ಯಾರಾ ನೋಡಿದ್ದೇನೆ. ಒಂದರಲ್ಲಂತೂ ಹಿಂದಿನ ಅಭ್ಯರ್ಥಿಯ ವಿಷಯವೇ ಉಳಿದುಕೊಂಡು ಗಣಿತದ ಮೇಷ್ಟ್ರು ‘ರಸಾಯನಶಾಸ್ತ್ರದ ಮೇಲಿನ ನನ್ನ ಪ್ರೀತಿ’ಯ ಬಗ್ಗೆ ಬರೆದಿದ್ದರು. ಅದನ್ನು ದಾಟಿ ಸಂದರ್ಶನಕ್ಕೆ ಬಂದರೂ ಪತ್ರದಲ್ಲಿರುವ ಮಾತಿನ ಮೇಲೆಯೇ ಪ್ರಶ್ನೆ ಕೇಳುತ್ತೇವೆ. ಬರೆದವರು ಬೇರೆಯವರಾದರೆ ಅಲ್ಲಿಗೆ ಮುಗಿಯಿತು.

ನಮ್ಮ ಕಡೆಯ ಬಯೋಡಾಟಗಳಲ್ಲಿ ತಂದೆಯ ಹೆಸರು, ವೈವಾಹಿಕ ಸ್ಥಿತಿ, ‘ಮೇಲಿನ ಎಲ್ಲ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ’ ಎಂಬ ಕೊನೆಯ ಸಾಲು ಇರುತ್ತವೆ. ಇವನ್ನು ತೆಗೆಯುವುದು ಐದು ನಿಮಿಷದ ಕೆಲಸ, ಇದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ. ಕಷ್ಟದ ಸಾಲು ಬೇರೆ: ‘ಸತತವಾಗಿ ಶೇಕಡಾ ನೂರು ಫಲಿತಾಂಶ.’ ಇದು ನಮ್ಮ ಊರಿನ ಹೆಮ್ಮೆ. ಓದುವವನಿಗೆ ಮಾತ್ರ ಇದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಶಾಲೆಯಲ್ಲಿ ಎಲ್ಲರೂ ಪಾಸಾಗುತ್ತಾರೆ, ಅದರಲ್ಲಿ ನಿಮ್ಮ ಪಾಲು ಎಷ್ಟು? ನಿಮ್ಮ ಮಕ್ಕಳಿಗೆ ಏನು ಅರ್ಥವಾಗುತ್ತಿರಲಿಲ್ಲ, ನೀವು ಏನು ಮಾಡಿದಿರಿ, ಆಮೇಲೆ ಅರ್ಥವಾಯಿತೆಂದು ಹೇಗೆ ಗೊತ್ತಾಯಿತು, ಇಷ್ಟು ಬರೆದರೆ ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಇನ್ನು ಪ್ರಾತ್ಯಕ್ಷಿಕೆ ಪಾಠ. ಇಪ್ಪತ್ತು ನಿಮಿಷ ಕೊಟ್ಟರೆ ನಮ್ಮವರು ಇಪ್ಪತ್ತು ನಿಮಿಷವೂ ಮಾತನಾಡುತ್ತಾರೆ. ಸೊಗಸಾಗಿಯೇ ಮಾತನಾಡುತ್ತಾರೆ. ಆದರೆ ಸಮಿತಿ ನೋಡುತ್ತಿರುವುದು ಮಕ್ಕಳ ಮುಖ. ಪಾಠ ಮುಗಿದ ಮೇಲೆ ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ: ಕೊನೆಯ ಸಾಲಿನಲ್ಲಿ ಬಾಯಿ ಬಿಡದೆ ಕುಳಿತಿದ್ದ ಹುಡುಗಿಗೆ ಎಷ್ಟು ಅರ್ಥವಾಯಿತು? ‘ಎಲ್ಲರಿಗೂ ಅರ್ಥವಾಯಿತೇ ಎಂದು ಕೇಳಿದೆ, ಹೌದು ಎಂದರು’ ಎಂಬ ಉತ್ತರ ಬಂದರೆ ನಾನು ಹಾಳೆ ತಿರುಗಿಸುತ್ತೇನೆ.

ಮಕ್ಕಳ ಸುರಕ್ಷತೆಯ ಪ್ರಶ್ನೆ ಬರದ ಸಂದರ್ಶನವೇ ಇಲ್ಲ. ‘ಮಿಸ್, ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ’ ಎಂದು ಮಗು ಬಂದರೆ ಏನು ಮಾಡುತ್ತೀರಿ? ಒಳ್ಳೆಯ ಮನಸ್ಸಿನ ಶಿಕ್ಷಕರೇ ಇಲ್ಲಿ ಹೆಚ್ಚು ಎಡವುತ್ತಾರೆ: ‘ಮಾತು ಕೊಟ್ಟು ಅದರ ವಿಶ್ವಾಸ ಗಳಿಸುತ್ತೇನೆ’ ಎನ್ನುತ್ತಾರೆ. ಮಾತು ಕೊಡುವಂತಿಲ್ಲ. ಸಹಾಯ ಮಾಡಬಲ್ಲವರಿಗೆ ಹೇಳಬೇಕಾಗಬಹುದು ಎಂದು ಮಗುವಿಗೆ ಮೊದಲೇ ತಿಳಿಸಬೇಕು. ಕೆದಕಿ ಕೇಳದೆ ಕೇಳಿಸಿಕೊಳ್ಳಬೇಕು. ಮಗುವಿನ ಮಾತಿನಲ್ಲೇ ಬರೆದಿಟ್ಟು ಅಂದೇ ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಲುಪಿಸಬೇಕು. ಇದು ಹೊರದೇಶದವರ ಪದ್ಧತಿ ಎಂದುಕೊಳ್ಳಬೇಡಿ. ನಮ್ಮ 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಕೂಡ ಲೈಂಗಿಕ ದೌರ್ಜನ್ಯದ ಮಾಹಿತಿ ಗೊತ್ತಾದವರು ವರದಿ ಮಾಡಲೇಬೇಕು ಎನ್ನುತ್ತದೆ. ಮಾಡದಿದ್ದರೆ 21ನೆಯ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ. ಬೆಂಗಳೂರಿನ ಶಿಕ್ಷಕಿ ಇದನ್ನು ತನ್ನ ದಿನನಿತ್ಯದ ಹೊಣೆಯಾಗಿ ಹೇಳಿದರೆ ಸಮಿತಿಗೆ ಬೇರೆ ಪುರಾವೆ ಬೇಡ.

ನಿಮ್ಮ ಪಾಠವನ್ನು ನೋಡಿ, ಪತ್ರವನ್ನು ಓದಿ, ಅಣಕು ಸಂದರ್ಶನದಲ್ಲಿ ಇಂಥ ಪ್ರಶ್ನೆ ಕೇಳಿ, ಉತ್ತರ ಎಲ್ಲಿ ಸೋತಿತೆಂದು ಹೇಳಬಲ್ಲವರು ಸಿಕ್ಕರೆ ಅದಕ್ಕೆ ದುಡ್ಡು ಕೊಡಿ. ನಿಮ್ಮ ಬದಲಿಗೆ ಬರೆಯುವವರಿಗೆ ಬೇಡ.

ದೋಸೆ ಪ್ರೊಫೆಸರ್, ಗಾಂಧಿ ಬಜಾರ್

ರಸಾಯನಶಾಸ್ತ್ರವನ್ನು ಪ್ರೀತಿಸಿದ ಗಣಿತದ ಮೇಷ್ಟ್ರಿಗೆ ಕೆಲಸ ಸಿಕ್ಕಿತೇ?

ಸಂದರ್ಶನ ಸಮಿತಿ, ಸರ್ಜಾಪುರ ರಸ್ತೆ

ನಮ್ಮಲ್ಲಿ ಇಲ್ಲ.

ಲೀಡ್ಸ್ ಮೇಷ್ಟ್ರು

ಮೇಡಂ, ನಿಮ್ಮದು ಭೌತಶಾಸ್ತ್ರ. ಇಂಗ್ಲೆಂಡಿನಲ್ಲಿ ಬರವಿರುವ ವಿಷಯ ಅದು. ನಾನು ಮಲ್ಲೇಶ್ವರದಿಂದ ಬಂದು ಇಲ್ಲಿ ಗಣಿತ ಕಲಿಸುತ್ತಿದ್ದೇನೆ.

ಇಂಗ್ಲೆಂಡಿನ ಶಿಕ್ಷಕ ಅರ್ಹತೆಯ ಹೆಸರು ‘ಕ್ಯುಟಿಎಸ್’. ಭಾರತದಲ್ಲಿ ಬಿ.ಇಡಿ. ಮಾಡಿದವರು 2023ರ ಫೆಬ್ರವರಿಯಿಂದ ಇಲ್ಲಿನ ಶಿಕ್ಷಣ ಇಲಾಖೆಗೆ ನೇರವಾಗಿ ಅರ್ಜಿ ಹಾಕಬಹುದಾಯಿತು. ಗಣಿತ, ವಿಜ್ಞಾನ ಅಥವಾ ಭಾಷೆಯನ್ನು 11ರಿಂದ 16 ವರ್ಷದ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರಿಗೆ ಇದು ಅನ್ವಯ; ಪದವಿ, ಬೋಧನಾನುಭವ, ಇಂಗ್ಲಿಷ್ ಜ್ಞಾನಕ್ಕೆ ಪುರಾವೆ ಬೇಕು. ಅರ್ಜಿಗೆ ಶುಲ್ಕವಿಲ್ಲ. ಹೌದು, ಒಂದು ಪೈಸೆಯೂ ಇಲ್ಲ. ಇದಕ್ಕೇ ‘ಕ್ಯುಟಿಎಸ್ ಪ್ಯಾಕೇಜ್’ ಎಂದು ಎಪ್ಪತ್ತೈದು ಸಾವಿರ ಪಡೆದವರನ್ನು ನಾನು ಬಲ್ಲೆ.

ಆದರೆ ಕ್ಯುಟಿಎಸ್ ಬಂದರೆ ಕೆಲಸ ಬಂದಂತಲ್ಲ, ಕೆಲಸ ಬಂದರೆ ವೀಸಾ ಬಂದಂತೆಯೂ ಅಲ್ಲ. ಶಾಲೆಗೆ ವೀಸಾ ಪ್ರಾಯೋಜಕತ್ವದ ಪರವಾನಗಿ ಇರಬೇಕು. ಪರವಾನಗಿ ಇರುವವರ ಪಟ್ಟಿಯನ್ನು ಗೃಹ ಇಲಾಖೆಯೇ ಪ್ರಕಟಿಸುತ್ತದೆ. ಅರ್ಜಿ ಬರೆಯಲು ಕೂರುವ ಮುನ್ನ ಶಾಲೆಯ ಹೆಸರನ್ನೋ ಅದನ್ನು ನಡೆಸುವ ಟ್ರಸ್ಟಿನ ಹೆಸರನ್ನೋ ಆ ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ಮುಂದಿನ ಶಾಲೆಗೆ ನಡೆಯಿರಿ.

ಋತುವೂ ಮುಖ್ಯ. ಇಲ್ಲಿನ ಶಿಕ್ಷಕರು ಆಗಸ್ಟ್ ಕೊನೆಗೆ ಬಿಡಬೇಕಾದರೆ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಹಾಗಾಗಿ ಜನವರಿಯಿಂದ ಮೇವರೆಗೆ ಜಾಹೀರಾತುಗಳು ಹೆಚ್ಚು. ಬೆಂಗಳೂರಿನಲ್ಲಿ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹುಡುಕಲು ಕುಳಿತರೆ ಇಲ್ಲಿ ಬಾಗಿಲು ಮುಚ್ಚಿರುತ್ತದೆ.

ಸಂದರ್ಶನದಲ್ಲಿ ಕೆಲವು ಶಾಲೆಗಳು ವಿದ್ಯಾರ್ಥಿಗಳ ತಂಡವನ್ನೂ ಕೂರಿಸುತ್ತವೆ. ಹದಿಮೂರು ವರ್ಷದ ಹುಡುಗ ‘ನಿಮ್ಮ ತರಗತಿ ಬೇಸರವಾದರೆ ನಾನು ಏನು ಮಾಡಬೇಕು?’ ಎಂದು ನಿಮ್ಮನ್ನು ಕೇಳುತ್ತಾನೆ. ನಗಬೇಡಿ, ಅವನ ಅಭಿಪ್ರಾಯ ಬರೆದುಕೊಳ್ಳುತ್ತಾರೆ.

ಹಣದ ವಿಷಯ. ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭಿಕ ವೇತನ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 31,650 ಪೌಂಡ್ ಇತ್ತು. ಅನುಭವಕ್ಕೆ ತಕ್ಕಂತೆ ಮೇಲಿನ ಹಂತ ಕೇಳಿ, ಕೇಳದೆ ಯಾರೂ ಕೊಡುವುದಿಲ್ಲ. ಇದನ್ನು ರೂಪಾಯಿಗೆ ಗುಣಿಸಿ ಹಿಗ್ಗುವ ಮೊದಲು ಇಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗಾಗಿ ವೀಸಾದವರು ಕಟ್ಟಬೇಕಾದ ಆರೋಗ್ಯ ಸರ್ಚಾರ್ಜ್ ನೋಡಿ: 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಒಂದು ಮಗು, ಮೂರು ವರ್ಷದ ವೀಸಾ ಎಂದರೆ 8,538 ಪೌಂಡ್. ಅಷ್ಟನ್ನೂ ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು, ವೀಸಾ ಶುಲ್ಕ ಬೇರೆ. ಶಾಲೆ ಇದರಲ್ಲಿ ಎಷ್ಟು ಭರಿಸುತ್ತದೆ ಎಂಬುದು ಸಂದರ್ಶನದ ಕೊನೆಗೆ ನೀವು ಕೇಳಬೇಕಾದ ಪ್ರಶ್ನೆ.

ಕಪ್ಪುಹಲಗೆ, ಬನಶಂಕರಿ

ಸಂಸ್ಥೆಯವರು ಆ ಸರ್ಚಾರ್ಜಿನ ಮಾತೇ ಎತ್ತಲಿಲ್ಲ. ನಮ್ಮವರು ಕ್ಯಾಲ್ಕುಲೇಟರ್ ಹಿಡಿದು ಮೌನವಾಗಿ ಕುಳಿತಿದ್ದಾರೆ. ಹಾಗಾದರೆ ಕೊಲ್ಲಿ ದೇಶಗಳು ವಾಸಿಯೇ?

ಶಾರ್ಜಾ ಟೀಚರ್

ವಾಸಿಯೋ ಅಲ್ಲವೋ, ಲೆಕ್ಕ ಬೇರೆ. ನಾನು ಇಲ್ಲಿ ಸಿಬಿಎಸ್‌ಇ ಶಾಲೆಯಲ್ಲಿದ್ದೇನೆ. ಆದಾಯ ತೆರಿಗೆ ಇಲ್ಲ, ಊರು ಹತ್ತಿರ, ಮಗಳಿಗೆ ಅದೇ ಪಠ್ಯಕ್ರಮ ಮುಂದುವರಿಯುತ್ತದೆ. ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಬ್ರಿಟಿಷ್, ಅಮೆರಿಕನ್, ಐಬಿ ಶಾಲೆಗಳು ಆಗಸ್ಟ್ ಕೊನೆಗೆ. ಎರಡನೆಯ ಗುಂಪಿನಲ್ಲಿ ಸಂಬಳ ಹೆಚ್ಚು, ಪೈಪೋಟಿಯೂ ಹೆಚ್ಚು.

ಒಪ್ಪಂದ ಬಂದಾಗ ಮೊತ್ತವನ್ನು ನೋಡಬೇಡಿ, ಮೂಲ ವೇತನವನ್ನು ನೋಡಿ. ಇಲ್ಲಿನ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ. ಒಟ್ಟು ಆರು ಸಾವಿರ ದಿರ್ಹಮ್ ಎಂದು ಹೇಳಿ ಮೂಲ ವೇತನ ಎರಡೂವರೆ ಸಾವಿರ, ಉಳಿದದ್ದು ಭತ್ಯೆ ಎಂದು ಬರೆದರೆ ಗ್ರಾಚ್ಯುಟಿ ಎರಡೂವರೆ ಸಾವಿರದ ಮೇಲೆಯೇ. ಪರೀಕ್ಷಾರ್ಥ ಅವಧಿ ಆರು ತಿಂಗಳು ಮೀರುವಂತಿಲ್ಲ. ಬೇಸಿಗೆ ರಜೆಗೆ ಸಂಬಳ ಇದೆಯೇ, ಮಗಳ ಶುಲ್ಕದಲ್ಲಿ ಎಷ್ಟು ರಿಯಾಯಿತಿ, ಮನೆ ಕೊಡುತ್ತಾರೋ ಭತ್ಯೆಯೋ, ಮನೆ ಕೊಟ್ಟರೆ ಇನ್ನೊಬ್ಬ ಶಿಕ್ಷಕಿಯೊಂದಿಗೆ ಹಂಚಿಕೊಳ್ಳಬೇಕೋ ಎಂದು ಬರಹದಲ್ಲಿ ಕೇಳಿ. ದುಬೈನ ಖಾಸಗಿ ಶಾಲೆಗಳ ನಿಯಂತ್ರಣ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ಶಿಕ್ಷಕರ ನೇಮಕಕ್ಕೆ ಅವರ ಅನುಮೋದನೆ ಬೇಕು. ಬಿ.ಇಡಿ. ಇಲ್ಲದೆ ‘ನೋಡೋಣ ಬನ್ನಿ’ ಎನ್ನುವ ಶಾಲೆಯ ಮಾತು ನಂಬಬೇಡಿ. ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಶುರು ಮಾಡಿ ಎಂದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ.

ಫೈಲು ಹೊರುವ ಗಂಡ, ನಾಗರಬಾವಿ

ಶಾರ್ಜಾ ಟೀಚರ್ ದಾಖಲೆಗಳ ಪುರಾಣವನ್ನು ನನಗೆ ಬಿಟ್ಟಿದ್ದಾರೆ ಎಂದುಕೊಳ್ಳುತ್ತೇನೆ. ನನ್ನ ಹೆಂಡತಿ ಕೊಲ್ಲಿಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅವಳ ಕಾಗದಪತ್ರಗಳ ಉಸ್ತುವಾರಿ ನನ್ನದು.

ಮೊದಲು ಹೆಸರು. ನಮ್ಮ ಹಳೆ ಮೈಸೂರಿನವರಿಗೆ ಇದೊಂದು ಪೀಡೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸುಮಾ ಕೆ. ಎಸ್.’, ಪದವಿ ಪ್ರಮಾಣಪತ್ರದಲ್ಲಿ ‘ಕೆ. ಎಸ್. ಸುಮಾ’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದದ್ದು, ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಅಂಟಿಸಿದ್ದು. ನಮಗೆ ನಾಲ್ಕೂ ಒಬ್ಬಳೇ ಸುಮಾ. ಕೊಲ್ಲಿಯ ಗುಮಾಸ್ತನಿಗೆ ನಾಲ್ಕು ಜನ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಎಲ್ಲವೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಬೇಕಾಗಬಹುದು. ಕೆಲವು ಕಡೆ ಅದು ಸಾಲದೆ ಪಾಸ್‌ಪೋರ್ಟನ್ನೇ ತಿದ್ದಿಸಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮದ ಜಾಗ ಖಾಲಿ ಇರುವವರು ಇನ್ನೂ ಎಚ್ಚರ: 2022ರ ನವೆಂಬರ್‌ನಲ್ಲಿ ಅಂಥವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶವಿಲ್ಲ ಎಂದು ಅರಬ್ ಸಂಸ್ಥಾನದವರು ಹೇಳಿದಾಗ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರ ಪ್ರಯಾಣ ನಿಂತಿತು.

ಎರಡನೆಯದು ದೃಢೀಕರಣ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಅಂದರೆ ಒಂದು ದೇಶ ದಾಖಲೆಗೆ ಹಾಕಿದ ಮುದ್ರೆಯನ್ನು ಒಪ್ಪಂದದ ಇತರ ದೇಶಗಳು ಹಾಗೆಯೇ ಒಪ್ಪುತ್ತವೆ. ಒಮಾನ್, ಬಹ್ರೇನ್ ಇವೆ, ಸೌದಿ 2022ರಲ್ಲಿ ಸೇರಿತು. ಅಲ್ಲಿಗೆ ಹೋಗುವವರಿಗೆ ರಾಜ್ಯದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಸಾಕು. ಅರಬ್ ಸಂಸ್ಥಾನ ಈ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಪೂರ್ತಿ ಸರಪಳಿ: ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ವಿದೇಶಾಂಗ ಸಚಿವಾಲಯ, ಅವರ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ. ರಾಜ್ಯದ ಹಂತ ಬಿಟ್ಟು ದೆಹಲಿಯ ಉಪವಿಭಾಗಾಧಿಕಾರಿಯ ಮುದ್ರೆಯಿಂದ ಬೇಗ ಮಾಡಿಸುತ್ತೇವೆ ಎನ್ನುವವರಿದ್ದಾರೆ. ಪದವಿ ಪ್ರಮಾಣಪತ್ರಕ್ಕೆ ಅದು ನಡೆಯುತ್ತದೆಯೇ ಎಂದು ಶಾಲೆಯನ್ನು ಮೊದಲೇ ಕೇಳಿ. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಗೆ 50 ರೂಪಾಯಿ. ಸಚಿವಾಲಯ ನೇರವಾಗಿ ಕಾಗದ ತೆಗೆದುಕೊಳ್ಳದೆ ಹೊರಗುತ್ತಿಗೆ ಸಂಸ್ಥೆಗಳ ಮೂಲಕ ಪಡೆಯುತ್ತದೆ, ಅವರದು ಸಣ್ಣ ಸೇವಾ ಶುಲ್ಕ. ಇದರ ಮೇಲಿನದ್ದೆಲ್ಲ ಓಡಾಟದ ಕೂಲಿ. ಕೂಲಿ ಕೊಡಬಾರದೆಂದಲ್ಲ, ಕೂಲಿ ಎಂದು ತಿಳಿದು ಕೊಡಿ.

ಮೂರನೆಯದು ಪೊಲೀಸ್ ನಿರಾಕ್ಷೇಪಣೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ, ಲಾಲ್‌ಬಾಗ್ ರಸ್ತೆಯ ಕೇಂದ್ರಕ್ಕೋ ಮಾರತ್ತಹಳ್ಳಿಗೋ ಸಮಯ ಗೊತ್ತುಮಾಡಿಕೊಂಡು ಹೋಗಿ. ಇದನ್ನು ಕೆಲಸ ಸಿಗುವ ಮೊದಲೇ ಮಾಡಿಸಿಟ್ಟರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ: ಸಾಮಾನ್ಯವಾಗಿ ಇತ್ತೀಚಿನದನ್ನೇ ಕೇಳುತ್ತಾರೆ, ನಿಮ್ಮದು ಅಷ್ಟರಲ್ಲಿ ಹಳೆಯದಾಗಿರುತ್ತದೆ. ವಿಶ್ವವಿದ್ಯಾಲಯದ ಅಧಿಕೃತ ಅಂಕವಿವರ ಮಾತ್ರ ಇವತ್ತೇ ಹಾಕಿ. ಅದು ಅದರದೇ ವೇಗದಲ್ಲಿ ಬರುತ್ತದೆ.

ಎಂಟು ಬ್ಯಾಂಡ್, ಯಲಹಂಕ

ಆಸ್ಟ್ರೇಲಿಯಾ ಎನ್ನುವವರಿಗೆ ಒಂದೇ ಮಾತು. ಅಲ್ಲಿನ ಶಿಕ್ಷಕ ಅರ್ಹತೆಯ ಮೌಲ್ಯಮಾಪನ ಮಾಡುವ ಏಟ್ಸಲ್ ಸಂಸ್ಥೆಗೆ ಒಟ್ಟು ನಾಲ್ಕು ವರ್ಷದ ಉನ್ನತ ಶಿಕ್ಷಣ, ಅದರಲ್ಲಿ ಕನಿಷ್ಠ 45 ದಿನ ಮೇಲ್ವಿಚಾರಣೆಯ ಅಭ್ಯಾಸ ಬೋಧನೆ, ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು ಬರಹಕ್ಕೆ 7, ಕೇಳುವಿಕೆ ಮತ್ತು ಮಾತಿಗೆ 8 ಬೇಕು. ಆ 8 ಎಂಬುದು ನನ್ನ ಹಣೆಬರಹದಲ್ಲಿ ಇನ್ನೂ ಬಂದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಇಷ್ಟು ವರ್ಷ ಕಲಿಸಿದ್ದೇವಲ್ಲ ಎಂಬ ಧೈರ್ಯದಲ್ಲಿ ತಯಾರಿಯಿಲ್ಲದೆ ಹೋಗಬೇಡಿ. ಅಭ್ಯಾಸ ಬೋಧನೆಯ ದಿನಗಳನ್ನು ನಮೂದಿಸಿದ ಪತ್ರವನ್ನು ಬಿ.ಇಡಿ. ಕಾಲೇಜಿನಿಂದ ಪಡೆಯಿರಿ.

ಮೂರನೇ ಬೆಂಚು, ವಿಜಯನಗರ

ಅಮೆರಿಕಕ್ಕೆ ಶಿಕ್ಷಕರು ಸಾಮಾನ್ಯವಾಗಿ ಹೋಗುವ ದಾರಿ ಜೆ-1 ವಿನಿಮಯ ವೀಸಾ. ಕನಿಷ್ಠ ಎರಡು ವರ್ಷದ ಅನುಭವ ಬೇಕು. ಮೂರು ವರ್ಷ ಇರಬಹುದು, ಸ್ವಲ್ಪ ವಿಸ್ತರಣೆ ಸಾಧ್ಯ, ಆಮೇಲೆ ವಾಪಸ್. ಅಲ್ಲೇ ನೆಲೆಸುವ ಲೆಕ್ಕ ಹಾಕಿದವರಿಗೆ ಇದು ದಾರಿಯಲ್ಲ. ಎಚ್-1ಬಿ ಕೊಡಿಸುತ್ತೇವೆ ಎನ್ನುವವರಿಗೆ, 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗಳ ಮೇಲೆ ಹೇರಿದ ಒಂದು ಲಕ್ಷ ಡಾಲರನ್ನು ಯಾವ ಶಾಲೆ ಕಟ್ಟುತ್ತದೆ ಎಂದು ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕಪ್ಪುಹಲಗೆ, ಬನಶಂಕರಿ

ಎಲ್ಲರಿಗೂ ಧನ್ಯವಾದ. ಪ್ಯಾಕೇಜು ಬೇಡವೆಂದು ಸಂಸ್ಥೆಗೆ ಹೇಳಿಯಾಯಿತು. ‘ನಾಳೆ ಬೆಲೆ ಏರುತ್ತದೆ’ ಎಂದರು, ಏರಲಿ. ಇಂಗ್ಲೆಂಡ್ ಮೊದಲು, ದುಬೈನ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಎರಡನೆಯದು ಎಂದು ಇಟ್ಟುಕೊಂಡಿದ್ದೇವೆ.

ಈಗ ಭಯವಿರುವುದು ಶಿಫಾರಸು ಪತ್ರದ ವಿಷಯದಲ್ಲಿ. ಹಿಂದೊಮ್ಮೆ ಸಹೋದ್ಯೋಗಿಯೊಬ್ಬರಿಗೆ ನಮ್ಮ ಪ್ರಾಂಶುಪಾಲರು ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎಂದಿದ್ದರು. ಹಾಗೆ ಮಾಡಬಹುದೇ? ಕೆಲಸ ಸಿಗುವ ಮೊದಲೇ ಅವರಿಗೆ ಹೇಳಿದರೆ ಮುಂದಿನ ವರ್ಷದ ವೇಳಾಪಟ್ಟಿಯಿಂದ ನನ್ನ ಹೆಸರೇ ಹೋದೀತೆಂಬ ಆತಂಕವೂ ಇದೆ.

ಸಂದರ್ಶನ ಸಮಿತಿ, ಸರ್ಜಾಪುರ ರಸ್ತೆ

ಆ ಪದ್ಧತಿ ನಮ್ಮ ಊರಿಗೇ ಸೀಮಿತ. ಹೊರಗಿನ ಶಾಲೆಗಳು ಶಿಫಾರಸನ್ನು ಗೋಪ್ಯವಾಗಿ, ನೇರವಾಗಿ ಮೇಲಧಿಕಾರಿಯಿಂದಲೇ ಪಡೆಯುತ್ತವೆ. ನಮೂನೆ ಅವರ ಶಾಲೆಯ ಅಧಿಕೃತ ಇಮೇಲಿಗೆ ಹೋಗುತ್ತದೆ. ಸ್ವಂತ ಜಿಮೇಲ್ ವಿಳಾಸ ಕೊಟ್ಟರೆ ಅನುಮಾನ. ‘ಈ ವ್ಯಕ್ತಿ ಮಕ್ಕಳೊಂದಿಗೆ ಕೆಲಸ ಮಾಡಲು ಯೋಗ್ಯರಲ್ಲ ಎನ್ನಲು ನಿಮಗೆ ಯಾವುದಾದರೂ ಕಾರಣ ತಿಳಿದಿದೆಯೇ’ ಎಂಬ ನೇರ ಪ್ರಶ್ನೆ ಅದರಲ್ಲಿರುತ್ತದೆ. ಅದನ್ನು ಖಾಲಿ ಬಿಟ್ಟರೆ ಫೋನ್ ಮಾಡಿ ಕೇಳುತ್ತಾರೆ. ಸರ್ಚ್ ಅಸೋಸಿಯೇಟ್ಸ್‌ನಂಥ ಅಂತರರಾಷ್ಟ್ರೀಯ ನೇಮಕಾತಿ ಸಂಸ್ಥೆಗಳಲ್ಲೂ ಇದೇ ಕ್ರಮ: ಗೋಪ್ಯ ಶಿಫಾರಸುಗಳು ಕೈಸೇರದೆ ಕಡತ ಮುಂದೆ ಹೋಗುವುದಿಲ್ಲ. ಅಲ್ಲಿ ನಿಮಗೊಬ್ಬ ಮಾರ್ಗದರ್ಶಿಯನ್ನೂ ಗೊತ್ತುಮಾಡುತ್ತಾರೆ. ಆ ಮಾರ್ಗದರ್ಶಿ ಮೊದಲು ಓದುವುದು ಶಿಫಾರಸನ್ನೇ, ಪತ್ರವನ್ನಲ್ಲ.

ಗ್ರಾಚ್ಯುಟಿ ಗೋವಿಂದ, ಹನುಮಂತನಗರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮೇಡಂ ಹತ್ತು ವರ್ಷ ದಾಟಿದ್ದಾರೆ, ಆದ್ದರಿಂದ ಗ್ರಾಚ್ಯುಟಿಗೆ ಅರ್ಹರು. 2009ರ ತಿದ್ದುಪಡಿಯ ನಂತರ ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಹಕ್ಕು, 2022ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ‘ಸ್ವಇಚ್ಛೆಯಿಂದ ಬಿಟ್ಟಿದ್ದೀರಿ’ ಎಂದು ಶಾಲೆ ಕೈ ಎತ್ತುವಂತಿಲ್ಲ. ಇದಕ್ಕೆ ಐದು ವರ್ಷದ ಸೇವೆ ಬೇಕು, ಹಾಗಾಗಿ ಇದನ್ನು ಓದುತ್ತಿರುವ, ನಾಲ್ಕೂವರೆ ವರ್ಷ ಸೇವೆಯಾದವರು ಹೊರಡುವ ತಾರೀಖು ನೋಡಿ ರಾಜೀನಾಮೆ ಬರೆಯಿರಿ. ಕೆಲಸಕ್ಕೆಂದು ಆಗಸ್ಟ್‌ನಲ್ಲಿ ಹೊರಟರೆ ಆ ಹಣಕಾಸು ವರ್ಷದಲ್ಲಿ ಭಾರತದ ವಾಸ 182 ದಿನಕ್ಕೆ ಕಡಿಮೆಯಾಗಿ ಆ ವರ್ಷವೇ ಅನಿವಾಸಿಯಾಗುತ್ತೀರಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ರೂಪಾಯಿ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ತಿಳಿಸಿ.

ಸಲಹೆಗಾರ, ರಾಜಾಜಿನಗರ

ಒಬ್ಬರ ಪತ್ರವನ್ನು ಇನ್ನೊಬ್ಬರು ಓದುವ ಗುಂಪು ಮಾಡಿಕೊಂಡರೆ ಭಾನುವಾರ ಅಣಕು ಸಂದರ್ಶನ ನಡೆಸಲು ನಾನು ಸಿದ್ಧ. ದುಡ್ಡು ಬೇಡ. ಮೂರನೇ ಬೆಂಚಿನವರು ರಸೀದಿ ಕೇಳುತ್ತಾರೆ.

ಮೂರನೇ ಬೆಂಚು, ವಿಜಯನಗರ

ಬಂದು ಕೂರುತ್ತೇನೆ ಸರ್, ಮೂರನೇ ಬೆಂಚಿನಲ್ಲೇ.

ಕಪ್ಪುಹಲಗೆ, ಬನಶಂಕರಿ

ಪತ್ರದ ಒಂದು ಪ್ಯಾರಾ ಬರೆದಿದ್ದೇನೆ. ಇಂಗ್ಲಿಷಿನಲ್ಲಿರುವುದರ ಸಾರ ಇಲ್ಲಿದೆ, ನಿರ್ದಾಕ್ಷಿಣ್ಯವಾಗಿ ಹೇಳಿ:

‘ಭೌತಶಾಸ್ತ್ರ ನನ್ನ ಉಸಿರು. ಒಂಬತ್ತನೆಯ ತರಗತಿಯ ನನ್ನ ಮಕ್ಕಳಲ್ಲಿ ಹೆಚ್ಚಿನವರು ಬಲ್ಬನ್ನು ದಾಟುವಾಗ ವಿದ್ಯುತ್ ಪ್ರವಾಹ ಖರ್ಚಾಗಿ ಕಡಿಮೆಯಾಗುತ್ತದೆ ಎಂದು ನಂಬಿದ್ದರು. ಪಾಠದಲ್ಲಿ ಹೇಳಿದರೂ ಪರೀಕ್ಷೆಯಲ್ಲಿ ಅದೇ ತಪ್ಪು. ಹಾಗಾಗಿ ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಇಡುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಸಂಖ್ಯೆಯಲ್ಲಿ ಬರೆದು ಪಕ್ಕದವರಿಗೆ ಕೊಡಬೇಕೆಂದು ಹೇಳಿದೆ. ಎರಡು ಮೀಟರುಗಳೂ ಒಂದೇ ಅಂಕ ತೋರಿಸಿದಾಗ ಒಬ್ಬ ಹುಡುಗ ಮೀಟರ್ ಕೆಟ್ಟಿದೆ ಎಂದು ವಾದಿಸಿ ಎರಡನ್ನೂ ಅದಲು ಬದಲು ಮಾಡಿಸಿದ. ಎರಡು ವಾರದ ನಂತರ ಮಂಡಲದ ಚಿತ್ರ ಬದಲಿಸಿ ಅದೇ ಪ್ರಶ್ನೆ ಕೇಳಿದೆ. ಆ ಹುಡುಗನೂ ಸೇರಿ ಬಹುತೇಕರು ಸರಿಯಾಗಿ ಬರೆದರು. ತಪ್ಪು ಬರೆದವರನ್ನು ಮತ್ತೆ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ.’

ಲೀಡ್ಸ್ ಮೇಷ್ಟ್ರು

ಆ ಹುಡುಗನನ್ನು ಬಿಡಬೇಡಿ. ವಿದ್ಯಾರ್ಥಿಗಳ ತಂಡ ಪ್ರಶ್ನೆ ಕೇಳುವಾಗ ಇದೇ ಕಥೆ ಹೇಳಿ.

ಸಂದರ್ಶನ ಸಮಿತಿ, ಸರ್ಜಾಪುರ ರಸ್ತೆ

ಮೊದಲ ವಾಕ್ಯ ತೆಗೆದುಹಾಕಿ. ಉಸಿರು, ಪ್ರೀತಿ, ತಪಸ್ಸು ಯಾವುದೂ ಬೇಡ. ನೇರವಾಗಿ ಮಕ್ಕಳಿಂದ ಶುರು ಮಾಡಿ. ‘ಬಹುತೇಕರು’ ಎಂಬಲ್ಲಿ ನಿಮ್ಮ ದಾಖಲೆಯಲ್ಲಿರುವ ನಿಜವಾದ ಸಂಖ್ಯೆ ಬರೆಯಿರಿ. ಉಳಿದದ್ದನ್ನು ಮುಟ್ಟಬೇಡಿ.

ಪ್ರಾಂಶುಪಾಲರಿಗೆ ಅರ್ಜಿ ಕಳುಹಿಸುವ ಮೊದಲೇ ಹೇಳಿ. ಶಿಫಾರಸು ನಮೂನೆ ಅವರ ಇಮೇಲಿಗೆ ದಿಢೀರನೆ ಬಂದಾಗ ಆಗುವ ಮುಖಭಂಗಕ್ಕಿಂತ ಈಗಿನ ಮುಜುಗರ ಸಣ್ಣದು. ‘ಈ ವರ್ಷದ ಹತ್ತನೆಯ ತರಗತಿಯನ್ನು ಪರೀಕ್ಷೆವರೆಗೆ ಮುಗಿಸಿಯೇ ಹೋಗುತ್ತೇನೆ’ ಎಂಬುದು ಮೊದಲ ಮಾತಾಗಿರಲಿ, ಅವರಿಗೆ ಇರುವ ದೊಡ್ಡ ಚಿಂತೆ ಅದೇ. ನಮೂನೆಯನ್ನು ತಾವೇ ತುಂಬಬೇಕು, ಶಾಲೆಯ ಇಮೇಲಿನಿಂದಲೇ ಕಳುಹಿಸಬೇಕು ಎಂಬುದನ್ನೂ ಆಗಲೇ ತಿಳಿಸಿ. ಒಪ್ಪದಿದ್ದರೆ ನಿಮ್ಮ ಪಾಠ ನೋಡಿರುವ ವಿಭಾಗದ ಮುಖ್ಯಸ್ಥರನ್ನೂ ಉಪಪ್ರಾಂಶುಪಾಲರನ್ನೂ ಕೇಳಿಡಿ. ಆದರೆ ಪ್ರಾಂಶುಪಾಲರ ಹೆಸರು ಏಕೆ ಇಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಉತ್ತರವನ್ನು ಭಾನುವಾರದ ಅಣಕು ಸಂದರ್ಶನದಲ್ಲಿ ಹೇಳಿ ನೋಡಿ.